ಹಣ್ಣಿನ ತೋಟಕ್ಕೆ ಒಂದೇ ಜಾತಿಯ ಜೇನು ಸಾಲದು

ಮರದ ತುಂಬ ಹೂ ಬಂದು ಕಾಯಿ ಕಚ್ಚದಿದ್ದರೆ ಮುಂದಿನ ವರ್ಷ ಇನ್ನೆರಡು ಜೇನುಪೆಟ್ಟಿಗೆ ಇಡುವುದು ವಾಡಿಕೆ. ಪೆಟ್ಟಿಗೆಜೇನಿನ ಬಲ ಇರುವುದು ಅದರ ಸಂಖ್ಯೆಯಲ್ಲಿ. ಆದರೆ 12–13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಹೊರಗೆ ಬರುವುದು ಕಡಿಮೆ. ಸೇಬು, ಚೆರ್ರಿಗಳು ಹೂ ಬಿಡುವುದೋ ಅಂಥ ಚಳಿಯಲ್ಲೇ. ಡೆಲಿಷಿಯಸ್ ತಳಿಯ ಸೇಬಿನ ಹೂವಿನಲ್ಲಂತೂ ಅದು ಹೆಚ್ಚಾಗಿ ಪಕ್ಕದಿಂದ ನಾಲಿಗೆ ತೂರಿಸಿ ಮಕರಂದ ಹೀರಿ ಹೊರಟುಬಿಡುತ್ತದೆ, ಪರಾಗ ಬೀಳಬೇಕಾದ ಹೂವಿನ ತುದಿಗೆ, ಅಂದರೆ ಶಲಾಕಾಗ್ರಕ್ಕೆ, ಮೈ ತಾಕುವುದೇ ಇಲ್ಲ. ಈ ಕೊರತೆ ತುಂಬಲು ಬೇಕಾದದ್ದು ಬೇರೆ ಜಾತಿಯ ಜೇನು.

ಮೊದಲು ಮರಗಳನ್ನು ನೋಡಿ

ಸೇಬಿನ ಹೆಚ್ಚಿನ ತಳಿಗಳು ಸ್ವಂತ ಪರಾಗದಿಂದ ಸರಿಯಾಗಿ ಕಾಯಿ ಕಟ್ಟುವುದಿಲ್ಲ. ಹೊಂದುವ ಇನ್ನೊಂದು ತಳಿ ಹತ್ತಿರದಲ್ಲೇ, ಅದೇ ದಿನಗಳಲ್ಲಿ ಹೂ ಬಿಡಬೇಕು. ಇದಿಲ್ಲದಿದ್ದರೆ ಯಾವ ಜೇನು ತಂದರೂ ದಂಡ.

ಪೆಟ್ಟಿಗೆಜೇನು

ಸೇಬಿಗೆ ಸಾಮಾನ್ಯವಾಗಿ ಹೆಕ್ಟೇರಿಗೆ 2ರಿಂದ 5 ಬಲವಾದ ಕುಟುಂಬ ಸಾಕು. ಪೆಟ್ಟಿಗೆಯ ಎಣಿಕೆಗಿಂತ ಒಳಗಿನ ಹುಳುಗಳು ಮುಖ್ಯ: ಮುಚ್ಚದ ಕಣಗಳಲ್ಲಿ ಮರಿಹುಳು ಹೆಚ್ಚಿದ್ದಷ್ಟೂ ನೊಣಗಳು ಪರಾಗಕ್ಕೆ ಅಲೆಯುತ್ತವೆ. ಶೇ 10ರಷ್ಟು ಹೂ ಅರಳಿದ ಮೇಲೆಯೇ ಪೆಟ್ಟಿಗೆ ತನ್ನಿ. ಮುಂಚೆಯೇ ತಂದರೆ ಅವು ನೆಲದ ಕಳೆಹೂವಿಗೆ ಒಗ್ಗಿಕೊಂಡು ಮರದ ಕಡೆ ತಿರುಗಿಯೂ ನೋಡುವುದಿಲ್ಲ.

ಆಸ್ಮಿಯಾ ಎಂಬ ಒಂಟಿಜೇನು

ಹೆಚ್ಚು ಗಮನ ಬೇಡುವುದೂ, ಚಳಿಯಲ್ಲಿ ಅರಳುವ ಹೂವಿಗೆ ಹೆಚ್ಚು ಫಲ ಕೊಡುವುದೂ ಇದೇ. ಇದಕ್ಕೆ ರಾಣಿಯಿಲ್ಲ, ತುಪ್ಪವಿಲ್ಲ. ಪ್ರತಿ ಹೆಣ್ಣೂ ತನ್ನದೇ ಗೂಡು ಕಟ್ಟುತ್ತದೆ. ಪರಾಗವನ್ನು ಹೊಟ್ಟೆಯಡಿಯ ರೋಮದಲ್ಲಿ ಒಣದಾಗಿಯೇ ಹೊರುವುದರಿಂದ ಮತ್ತು ಹೂವಿನ ನಡುವೆ ನೇರ ಇಳಿಯುವುದರಿಂದ ಬಹುತೇಕ ಪ್ರತಿ ಭೇಟಿಯಲ್ಲೂ ಪರಾಗ ತಾಗುತ್ತದೆ. ಜಪಾನಿನ ಸೇಬಿನ ತೋಟಗಳಲ್ಲಿ ಆಸ್ಮಿಯಾ ಕಾರ್ನಿಫ್ರಾನ್ಸ್ ಎಂಬ ಜಾತಿಯನ್ನು ದಶಕಗಳಿಂದ ಸಾಕುತ್ತಿದ್ದಾರೆ.

ಹೆಕ್ಟೇರಿಗೆ ಸುಮಾರು 600 ಹೆಣ್ಣು ಬೇಕು. ಗಂಡು ಹೆಚ್ಚಿರುವುದರಿಂದ 1,500ರಿಂದ 1,800 ಕೋಶ (ಒಂದೊಂದು ಜೇನು ಒಳಗೆ ಮಲಗಿರುವ ರೇಷ್ಮೆಗೂಡಿನಂಥ ಹೊದಿಕೆ) ಲೆಕ್ಕ ಹಾಕಿ. ಗೂಡಿಗೆ 8 ಮಿ.ಮೀ. ಒಳವ್ಯಾಸ, 15 ಸೆಂ.ಮೀ. ಉದ್ದದ, ಹಿಂಬದಿ ಮುಚ್ಚಿದ ಕಾಗದದ ಕೊಳವೆ ಬಳಸಿ. ಹೆಣ್ಣುಮೊಟ್ಟೆ ಕೊಳವೆಯ ಒಳತುದಿಯಲ್ಲಿ, ಗಂಡುಮೊಟ್ಟೆ ಬಾಯಿಯ ಬಳಿ ಇರುತ್ತದೆ. ಕೊಳವೆ ಗಿಡ್ಡವಾದರೆ ಮುಂದಿನ ವರ್ಷ ಗಂಡುಗಳೇ ತುಂಬುತ್ತವೆ. ಮರದ ತುಂಡಿಗೆ ತೂತು ಕೊರೆದು ಮಾಡಿದ ಗೂಡು ನೋಡಲು ಚೆಂದ, ಆದರೆ ಬಿಚ್ಚಿ ತೊಳೆಯಲಾಗದು. ಎರಡು ಮೂರು ವರ್ಷದಲ್ಲಿ ಅದು ನುಸಿಯ ಮನೆಯಾಗುತ್ತದೆ.

ಕೊಳವೆಗಳ ಕಟ್ಟನ್ನು ಬೆಳಗಿನ ಬಿಸಿಲು ಬೀಳುವ ಕಡೆ ಮುಖ ಮಾಡಿ, ಒಂದೂವರೆ ಮೀಟರ್ ಎತ್ತರದಲ್ಲಿ, ಮಳೆ ತಾಗದಂತೆ, ಗಾಳಿಗೆ ಅಲುಗದಂತೆ ಬಿಗಿಯಿರಿ. ಈ ಜೇನು ಗೂಡಿನಿಂದ ಸುಮಾರು ನೂರು ಮೀಟರ್ ಒಳಗೇ ಹೆಚ್ಚು ಕೆಲಸ ಮಾಡುವುದರಿಂದ ಕಟ್ಟುಗಳನ್ನು ತೋಟದ ತುಂಬ ಹಂಚಿ. ಪಕ್ಕದಲ್ಲೇ ಒಂದು ಗುಂಡಿ ತೋಡಿ ಜಿಗುಟು ಮಣ್ಣನ್ನು ಹಸಿಯಾಗಿಡಿ. ಕಣಗಳ ನಡುವಿನ ಗೋಡೆಯನ್ನು ಅದು ಕಟ್ಟುವುದು ಮಣ್ಣಿನಿಂದಲೇ. ಕೆಸರು ಸಿಗದಿದ್ದರೆ ಗೂಡು ಬಿಟ್ಟು ಹಾರಿಹೋಗುತ್ತದೆ. ಎಷ್ಟೋ ಸೋಲುಗಳಿಗೆ ಇದೇ ಕಾರಣ.

ಶೈತ್ಯಪೆಟ್ಟಿಗೆಯಲ್ಲಿ 2–4 ಡಿಗ್ರಿಯಲ್ಲಿಟ್ಟ ಕೋಶಗಳನ್ನು ಮೊದಲ ಹೂ ಅರಳುವಾಗ ಹೊರಗಿಡಿ. ಹೂ ಮುಗಿದು ಹಾರಾಟ ನಿಂತ ಮೇಲೆ ಕೊಳವೆಗಳನ್ನು ತೆಗೆದು, ಪರಾವಲಂಬಿ ಕಣಜ ನುಗ್ಗದಂತೆ ದಟ್ಟ ಜಾಲರಿಯಲ್ಲಿಡಿ. ಆಗ ಕುಲುಕಿದರೆ ಎಳೆಯ ಹುಳು ಪರಾಗದ ಉಂಡೆಯಿಂದ ಜಾರಿ ಸಾಯುತ್ತದೆ. ಶರತ್ಕಾಲದಲ್ಲಿ ಕೊಳವೆ ಬಿಡಿಸಿ, ಕೋಶಗಳನ್ನು ತಣ್ಣೀರಿನಲ್ಲಿ ತೊಳೆದು ಒಣಗಿಸಿ, ಮತ್ತೆ ತಂಪಿನಲ್ಲಿಡಿ.

ಬಂಬಲ್‌ಬೀ ಮತ್ತು ನೆಲಜೇನು

ಚಳಿ, ತುಂತುರು, ಬಲೆಮನೆ ಇರುವಲ್ಲಿ ದಪ್ಪ ಮೈಯ, ರೋಮ ತುಂಬಿದ ಬಂಬಲ್‌ಬೀ ಒದಗುತ್ತದೆ. ಮೈ ಕಂಪಿಸಿ ಪರಾಗ ಉದುರಿಸುವ ಕಲೆ ಇದಕ್ಕಿದೆ, ಪೆಟ್ಟಿಗೆಜೇನಿಗಿಲ್ಲ. ಹೀಗಾಗಿ ಬ್ಲೂಬೆರಿಗೆ ಇದೇ ಸೂಕ್ತ. ಸ್ಥಳೀಯ ಜಾತಿಯನ್ನಷ್ಟೇ ತರಬೇಕು. ಚಿಲಿಗೆ ಬೆಳೆಗಾಗಿ ತಂದ ಯುರೋಪಿನ ಬಂಬಲ್‌ಬೀ ಅರ್ಜೆಂಟೀನಾದವರೆಗೆ ಹಬ್ಬಿತು, ಅಲ್ಲಿನ ಮೂಲ ಜಾತಿ ಕ್ಷೀಣಿಸಿತು. ನೆಲದಲ್ಲಿ ಬಿಲ ತೋಡುವ ಒಂಟಿಜೇನಿಗೆ ಖರ್ಚೇ ಇಲ್ಲ: ಬಿಸಿಲು ಬೀಳುವ ಬೋಳು ನೆಲದ ಒಂದು ಪಟ್ಟಿಯನ್ನು ಉಳದೆ ಬಿಡಿ, ಸಾಕು.

ಬೇರೆ ಜೇನುಗಳು ಜೊತೆಗಿದ್ದರೆ ಪೆಟ್ಟಿಗೆಜೇನಿನ ನಡೆಯೂ ಬದಲಾಗುತ್ತದೆ. ಬಾದಾಮಿ ತೋಟಗಳಲ್ಲಿ ಅದು ಒಂದೇ ಸಾಲಿಗೆ ಅಂಟಿಕೊಳ್ಳದೆ ಸಾಲಿನಿಂದ ಸಾಲಿಗೆ ಹೆಚ್ಚು ಹಾರಿದ್ದು ಕಂಡಿದೆ. ತಳಿಗಳನ್ನು ಸಾಲುಸಾಲಾಗಿ ನೆಡುವ ತೋಟಕ್ಕೆ ಬೇಕಾದದ್ದೂ ಅದೇ.

ಔಷಧಿ

ಹೂವಿದ್ದಾಗ ಕೀಟನಾಶಕ ಬೇಡವೇ ಬೇಡ. ಶಿಲೀಂಧ್ರನಾಶಕ ನಿರಪಾಯಕಾರಿ ಎಂಬ ನಂಬಿಕೆಯೂ ತಪ್ಪು; ಕೆಲವು ಶಿಲೀಂಧ್ರನಾಶಕಗಳು ಕೀಟನಾಶಕದ ವಿಷವನ್ನು ಹೆಚ್ಚಿಸುತ್ತವೆ. ತೀರಾ ಅನಿವಾರ್ಯವಾದರೆ ಹಾರಾಟ ನಿಂತ ಮೇಲೆ, ಸಂಜೆ ಸಿಂಪಡಿಸಿ. ಕೆಸರಿನ ಗುಂಡಿಯನ್ನು ಮುಚ್ಚಿಡುವುದನ್ನು ಮರೆಯಬೇಡಿ.

ಫಲಿತಾಂಶ ಅಳೆಯುವುದು

ತೋಟದ ಅಂಚಿನಿಂದ 20, ನಡುವಿನಿಂದ 20 ಸೇಬು ಕಿತ್ತು ಅಡ್ಡಕ್ಕೆ ಕೊಯ್ಯಿರಿ. ಐದು ಕೋಣೆ, ಕೋಣೆಗೆ ಸಾಮಾನ್ಯವಾಗಿ ಎರಡರಂತೆ 10 ಬೀಜ ಪೂರ್ಣ ಫಲದ ಗುರುತು. ಬೀಜ ಕಡಿಮೆಯಾದ ಬದಿಯಲ್ಲಿ ಹಣ್ಣು ಸೊಟ್ಟಗಾಗುತ್ತದೆ. ಅಂಚಿನಲ್ಲಿ ಬೀಜ ತುಂಬಿ ನಡುವೆ ಕಡಿಮೆಯಿದ್ದರೆ ಗೂಡುಗಳನ್ನು ಒಳಗೆ ಸರಿಸಿ. ಎಲ್ಲೆಡೆ ಕಡಿಮೆಯಿದ್ದರೆ ಪರಾಗ ಕೊಡುವ ತಳಿ ಸಾಲುತ್ತಿಲ್ಲವೋ, ಹೂವಿನ ದಿನಗಳಲ್ಲಿ ಹವೆ ಕೈಕೊಟ್ಟಿತೋ ನೋಡಿ. ಮೊದಲನೆಯದಾದರೆ ಹೊಸ ಮರ ಹೂ ಬಿಡುವವರೆಗೆ ಕಾಯದೆ ಹಳೆಯ ಮರಕ್ಕೇ ಆ ತಳಿಯ ಕೊಂಬೆ ಕಸಿ ಕಟ್ಟಬಹುದು.