ಹೆಜ್ಜಾರ್ಲೆಯ ಕೊಕ್ಕಿನ ಚುಕ್ಕೆ ಎಣಿಸಿದ ದಿನ

ಮದ್ದೂರಿನ ಹತ್ತಿರ ಟೀ ಕುಡಿಯೋಣ ಅಂತ ಕಾರು ನಿಲ್ಲಿಸಿದ್ದೆ. ಎದುರಿಗೆ ಒಂದು ಹೋಮ್‌ಸ್ಟೇಯ ಫ್ಲೆಕ್ಸ್, ಅಗಲ ಎಂಟು ಅಡಿಗೆ ಕಡಿಮೆಯಿಲ್ಲ. ಅದರ ತುಂಬ ಒಂದು ಹೆಜ್ಜಾರ್ಲೆ (ಪೆಲಿಕನ್ ಹಕ್ಕಿ), ಹಿಂದೆ ಹುಣಸೆ ಮರ, ಕೆಳಗೆ ಹೆಂಚಿನ ಮನೆಯ ಅಂಚು. ಕೊಕ್ಕರೆ ಬೆಳ್ಳೂರಿನಲ್ಲಿ ಮೂರು ದಿನ ಬೆಳಗಿನ ಜಾವ ಕಾದು ನಾನೇ ತೆಗೆದ ಫೋಟೊ! ಕೆಳಗಿನ ಮೂಲೆಯಲ್ಲಿ ಇರಬೇಕಿದ್ದ ನನ್ನ ಹೆಸರು ಮಾತ್ರ ಇರಲಿಲ್ಲ.

ಸಿಟ್ಟು ಬಂತು, ಆದರೆ ಅದಕ್ಕಿಂತ ಜಾಸ್ತಿ ತಲೆ ಕೆಟ್ಟಿತು. ಹತ್ತಿರ ಹೋಗಿ ನೋಡಿದರೆ ಮೇಲ್ಕೊಕ್ಕಿನ ಅಂಚಿನ ಚುಕ್ಕೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ನನ್ನ ವೆಬ್‌ಸೈಟಿನ ಪುಟದಲ್ಲಿದ್ದದ್ದು 1024 ಪಿಕ್ಸೆಲ್ ಅಗಲದ ಚಿತ್ರ. ಅದನ್ನು ಎಂಟು ಅಡಿಗೆ ಎಳೆದರೆ ಅಂಗುಲಕ್ಕೆ ಹತ್ತು ಹನ್ನೊಂದು ಪಿಕ್ಸೆಲ್ ಅಷ್ಟೇ. ಹತ್ತಿರದಿಂದ ಬರೀ ಚೌಕ ಚೌಕ ಕಾಣಬೇಕು. ಇನ್ನೊಂದು ವಿಷಯ: ಹೆಸರಿದ್ದ ಮೂಲೆಯನ್ನು ಯಾರೂ ಕತ್ತರಿಸಿರಲಿಲ್ಲ. ಆ ಜಾಗದ ಹೆಂಚುಗಳು ಹಾಗೇ ಇದ್ದವು.

ಫ್ಲೆಕ್ಸಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. "ನಂಗೇನ್ ಗೊತ್ತು ಸಾರ್, ಪ್ರಿಂಟಿಂಗ್ ಹುಡುಗ ಗೂಗಲ್‌ನಿಂದ ತಗ್ದು ಹಾಕವ್ನೆ" ಅಂದರು. ಮೋಸದ ದನಿಯಲ್ಲ. ಅವರ ಲೆಕ್ಕದಲ್ಲಿ ಗೂಗಲ್ ಅಂದರೆ ಊರ ಬಾವಿ, ಯಾರು ಬೇಕಾದರೂ ಸೇದಬಹುದು.

ಈಗ ನನ್ನ ಭದ್ರತೆಯ ಕಥೆ ಕೇಳಿ. ಸೈಟಿನಲ್ಲಿ ರೈಟ್ ಕ್ಲಿಕ್ ಆಗದಂತೆ ಒಂದು ಪ್ಲಗಿನ್ (ಸೈಟಿಗೆ ಸೇರಿಸುವ ಪುಟ್ಟ ತಂತ್ರಾಂಶ) ಹಾಕಿದ್ದೆ. "ಈ ಚಿತ್ರಕ್ಕೆ ಕಾಪಿರೈಟ್ ಇದೆ" ಅಂತ ಪೆಟ್ಟಿಗೆ ಬೇರೆ ಬರುತ್ತಿತ್ತು. ಹೆಮ್ಮೆಯಿಂದ ಅಕ್ಕನ ಮಗನಿಗೆ ತೋರಿಸಿದೆ. ಎಂಟನೇ ಕ್ಲಾಸು. ಅವನು ಎಫ್‌12 ಒತ್ತಿದ, ನೆಟ್‌ವರ್ಕ್ ಅನ್ನುವ ಕಡೆ ಹೋದ, ಪುಟವನ್ನು ಮತ್ತೆ ಲೋಡ್ ಮಾಡಿದ. ಎಲ್ಲ ಫೋಟೊಗಳೂ ಸಾಲಾಗಿ ಬಂದು ನಿಂತವು. "ಮಾಮ, ಇದು ಆಗ್ಲೇ ಡೌನ್‌ಲೋಡ್ ಆಗೋಗಿದೆಯಲ್ವಾ, ಇನ್ನೇನು ತಡೀತೀಯ?" ಅಂದ.

ಇಡೀ ವಿಷಯ ಆ ಒಂದು ಮಾತಿನಲ್ಲಿತ್ತು. ಬ್ರೌಸರ್ ಚಿತ್ರವನ್ನು ತೋರಿಸಬೇಕಾದರೆ ಮೊದಲು ಇಳಿಸಿಕೊಳ್ಳಲೇಬೇಕು. ಕಣ್ಣಿಗೆ ಕಂಡ ಫೋಟೊ ನೋಡುವವರ ಕಂಪ್ಯೂಟರಿಗೆ ಬಂದಾಯಿತು. ಚಿತ್ರದ ಮೇಲೆ ಪಾರದರ್ಶಕ ಪದರ ಹೊದಿಸುವುದು, ಹಿನ್ನೆಲೆಯಾಗಿ ಹಾಕುವುದು, ಎಲ್ಲ ಮಾಡಿ ನೋಡಿದ್ದೇನೆ. ಸ್ಕ್ರೀನ್‌ಶಾಟ್ ಮುಂದೆ ಎಲ್ಲವೂ ಸೋಲುತ್ತದೆ. ತೊಂದರೆ ಆಗಿದ್ದು ಒಳ್ಳೆಯವರಿಗೇ. ಹಕ್ಕಿಯ ವೈಜ್ಞಾನಿಕ ಹೆಸರನ್ನು ಕಾಪಿ ಮಾಡಿಕೊಳ್ಳಲು ಆಗುತ್ತಿಲ್ಲ ಅಂತ ಒಬ್ಬ ನಿವೃತ್ತ ಮೇಷ್ಟ್ರು ಬರೆದಿದ್ದರು. ಆ ಪ್ಲಗಿನ್ ತೆಗೆದುಹಾಕಿದೆ.

ಆದರೂ ಚುಕ್ಕೆಗಳ ಒಗಟು ಬಿಡಿಸಿರಲಿಲ್ಲ. ಉತ್ತರ ಸಿಕ್ಕಿದ್ದು ನನ್ನದೇ ಚಿತ್ರದ ವಿಳಾಸದಲ್ಲಿ. ಸೈಟ್ ನಡೆಸಲು ನಾನು ವರ್ಡ್‌ಪ್ರೆಸ್ ಅನ್ನುವ ತಂತ್ರಾಂಶ ಬಳಸುತ್ತೇನೆ. 6000 ಪಿಕ್ಸೆಲ್ ಅಗಲದ ಫೈಲನ್ನು ಕ್ಯಾಮೆರಾದಿಂದ ತೆಗೆದಂತೆಯೇ ಏರಿಸುತ್ತಿದ್ದೆ. ಅದು ತಾನಾಗಿಯೇ ಚಿಕ್ಕ ಪ್ರತಿಗಳನ್ನು ಮಾಡಿಕೊಂಡು, ಫೈಲಿನ ಹೆಸರಿನ ಬಾಲಕ್ಕೆ ಅಳತೆ ಅಂಟಿಸುತ್ತದೆ: 300×200, 768×512, 1024×683 ಹೀಗೆ. ಪುಟದಲ್ಲಿ ಕಾಣುವುದು ಈ ಪ್ರತಿ. ಸುಮ್ನೆ ವಿಳಾಸದಿಂದ ಆ ಬಾಲ ಅಳಿಸಿ ಎಂಟರ್ ಒತ್ತಿದೆ. ಪೂರ್ತಿ 6000 ಪಿಕ್ಸೆಲ್ಲಿನ ಹೆಜ್ಜಾರ್ಲೆ ಪರದೆ ತುಂಬ ಬಂದು ಕೂತಿತು. 2019ರ ಕೊನೆಗೆ ಬಂದ 5.3 ಆವೃತ್ತಿಯಿಂದ ವರ್ಡ್‌ಪ್ರೆಸ್ ದೊಡ್ಡ ಚಿತ್ರಗಳನ್ನು 2560ಕ್ಕೆ ಇಳಿಸಿ ಬಳಸುತ್ತದೆ, ಆದರೆ ಮೂಲ ಫೈಲನ್ನು ಅಳಿಸುವುದಿಲ್ಲ. ಅದೇ ಫೋಲ್ಡರಿನಲ್ಲಿ ಬಿದ್ದಿರುತ್ತದೆ.

ವಾಟರ್‌ಮಾರ್ಕ್ ಹಾಕುತ್ತಿದ್ದ ಪ್ಲಗಿನ್ ಚಿಕ್ಕ ಪ್ರತಿಗಳಿಗೆ ಮಾತ್ರ ಹೆಸರು ಒತ್ತುತ್ತಿತ್ತು. ಮೂಲ ಬರಿ ಮೈ. ಪ್ರಿಂಟಿಂಗ್ ಹುಡುಗ ಯಾವ ಹೆಸರನ್ನೂ ಅಳಿಸಿರಲಿಲ್ಲ ಪಾಪ, ಅಳಿಸಲು ಅಲ್ಲಿ ಹೆಸರೇ ಇರಲಿಲ್ಲ. ಇನ್ನೂ ಕೆಟ್ಟದ್ದೆಂದರೆ, ಮೂಲ ಫೈಲುಗಳಲ್ಲಿ ಫೋಟೊ ತೆಗೆದ ಜಾಗದ ಜಿಪಿಎಸ್ ಗುರುತು ಇತ್ತು. ಕೊಕ್ಕರೆ ಬೆಳ್ಳೂರು ಎಲ್ಲರಿಗೂ ಗೊತ್ತಿರುವ ಊರು, ಹೋಗಲಿ. ಗೂಬೆಯ ಗೂಡಿನ ಜಾಗವನ್ನೂ ಹೀಗೇ ಹಂಚಿದ್ದೆ ಅಂತ ಗೊತ್ತಾದಾಗ ಆ ರಾತ್ರಿ ನಿದ್ದೆ ಬರಲಿಲ್ಲ.

ಮೂರು ಭಾನುವಾರ ಹಿಡಿಯಿತು ಸರಿಮಾಡಲು. ಇದ್ದ 340 ಚಿತ್ರಗಳನ್ನೂ ಸರ್ವರಿನಿಂದ ಅಳಿಸಿದೆ, ಸೈಟ್ ಬೇಗ ತೆರೆಯಲಿ ಅಂತ ಉಳಿಸಿಟ್ಟ ಪ್ರತಿಗಳ ಕ್ಯಾಶ್ ಕೂಡ ಖಾಲಿ ಮಾಡಿದೆ. ಈಗ ಮನೆಯಲ್ಲೇ ಲೈಟ್‌ರೂಮ್ ಅನ್ನುವ ಫೋಟೊ ತಂತ್ರಾಂಶದಲ್ಲಿ ಉದ್ದದ ಬದಿ 1200 ಪಿಕ್ಸೆಲ್, ಗುಣಮಟ್ಟ 70 ಇಟ್ಟು ಎಕ್ಸ್‌ಪೋರ್ಟ್ ಮಾಡಿ ಅದನ್ನಷ್ಟೇ ಏರಿಸುತ್ತೇನೆ. ಮೊಬೈಲಿನಲ್ಲಿ ನೋಡಲು ಇದು ಧಾರಾಳ. ಒಳ್ಳೆಯ ಪ್ರಿಂಟಿಗೆ ಅಂಗುಲಕ್ಕೆ 300 ಲೆಕ್ಕ ಹಿಡಿದರೆ ನಾಲ್ಕು ಅಂಗುಲದ ಚೀಟಿ ಬರುತ್ತದೆ, ಫ್ಲೆಕ್ಸ್ ಅಲ್ಲ. ಎಕ್ಸ್‌ಪೋರ್ಟ್ ಮಾಡುವಾಗ ಜಾಗದ ಗುರುತು ತೆಗೆದು, ಹೆಸರು ಮತ್ತು ಕಾಪಿರೈಟ್ ಸಾಲು ಮಾತ್ರ ಫೈಲಿನೊಳಗೆ ಉಳಿಸುತ್ತೇನೆ. ಇದನ್ನೂ ಪೂರ್ತಿ ನಂಬಬೇಡಿ. ಸರ್ವರಿನಲ್ಲಿ ಚಿತ್ರ ಚಿಕ್ಕದು ಮಾಡುವ ಜಿಡಿ ಲೈಬ್ರರಿ ಈ ಮಾಹಿತಿಯನ್ನು ಉದುರಿಸಿಬಿಡುತ್ತದೆ. ಅದರ ಬದಲು ಇಮೇಜ್‌ಮ್ಯಾಜಿಕ್ ಇದ್ದರೆ ಸಾಮಾನ್ಯವಾಗಿ ಉಳಿಯುತ್ತದೆ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಹೇಗೂ ಹೋಯಿತು.

ಕಣ್ಣಿಗೆ ಕಾಣುವ ಹೆಸರಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿದೆ. ಮೂಲೆಯಲ್ಲಿ ಹಾಕಿದರೆ ಕತ್ತರಿಸುತ್ತಾರೆ. ನಡುವೆ ದಪ್ಪಗೆ ಬರೆದರೆ ಹಕ್ಕಿಯನ್ನು ಯಾರು ನೋಡುತ್ತಾರೆ? 2017ರಲ್ಲಿ ಗೂಗಲ್‌ನ ಸಂಶೋಧಕರೇ ಒಂದು ಪ್ರಯೋಗ ತೋರಿಸಿದ್ದರು: ನೂರಾರು ಚಿತ್ರಗಳ ಮೇಲೆ ಒಂದೇ ಮುದ್ರೆ ಒಂದೇ ರೀತಿ ಇದ್ದರೆ, ಕಂಪ್ಯೂಟರ್ ಆ ಮುದ್ರೆಯನ್ನು ಕಲಿತು ತಾನೇ ತೆಗೆದುಹಾಕಬಲ್ಲದು. ಹಾಗಾಗಿ ಗಿಂಪ್ ಅನ್ನುವ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಒಂದೊಂದಕ್ಕೂ ಕೈಯಾರೆ ಹೆಸರು ಹಾಕುತ್ತೇನೆ. ಜಾಗ ಬೇರೆ ಬೇರೆ, ಓರೆ ಬೇರೆ ಬೇರೆ. ಒಮ್ಮೆ ರೆಕ್ಕೆಯ ಮಡಿಕೆಯಲ್ಲಿ, ಒಮ್ಮೆ ಕಡ್ಡಿಗಳ ನಡುವೆ. ಆಕಾಶದಂಥ ಖಾಲಿ ಜಾಗದಲ್ಲಿ ಮಾತ್ರ ಹಾಕುವುದಿಲ್ಲ, ಈಗಿನ ಫೋನುಗಳು ಅದನ್ನು ಒಂದೇ ಬೆರಳಲ್ಲಿ ಒರೆಸುತ್ತವೆ.

ಹಾಟ್‌ಲಿಂಕ್ ತಡೆ ಬೇರೆಯೇ ವಿಷಯ, ಜನ ಇದನ್ನು ಕಳ್ಳತನದ ತಡೆ ಅಂದುಕೊಳ್ಳುತ್ತಾರೆ. ಬೇರೆ ಸೈಟಿನವರು ನಿಮ್ಮ ಸರ್ವರಿನಿಂದಲೇ ಚಿತ್ರ ಎಳೆದು ತಮ್ಮ ಪುಟದಲ್ಲಿ ತೋರಿಸುವುದನ್ನು ಇದು ನಿಲ್ಲಿಸುತ್ತದೆ, ನಿಮ್ಮ ಬ್ಯಾಂಡ್‌ವಿಡ್ತ್ ಉಳಿಯುತ್ತದೆ. ಡೌನ್‌ಲೋಡ್ ನಿಲ್ಲುವುದಿಲ್ಲ. ಸರ್ವರ್ ನೋಡಿಕೊಳ್ಳುವ ಸಿಪ್ಯಾನೆಲ್‌ನಲ್ಲೂ, ಸರ್ವರಿನ ಮುಂದೆ ನಿಂತು ಸೈಟ್ ಕಾಯುವ ಕ್ಲೌಡ್‌ಫ್ಲೇರ್ ಸೇವೆಯಲ್ಲೂ ಇದಕ್ಕೊಂದು ಸ್ವಿಚ್ ಇದೆ. ನಾನು ಮೊದಲ ಸಲ ರೆಫರರ್ (ಕೋರಿಕೆ ಯಾವ ಪುಟದಿಂದ ಬಂತು ಅನ್ನುವ ವಿವರ) ಖಾಲಿ ಇರುವ ಕೋರಿಕೆಗಳನ್ನೂ ತಡೆದುಬಿಟ್ಟೆ. ವಾಟ್ಸಾಪಿನಲ್ಲಿ ಲಿಂಕ್ ಹಂಚಿದರೆ ಚಿತ್ರವೇ ಬರುತ್ತಿರಲಿಲ್ಲ. ಖಾಲಿ ಇದ್ದರೆ ಬಿಡಿ ಅಂತ ಬದಲಿಸಿದ ಮೇಲೆ ಸರಿಹೋಯಿತು.

ತಿಂಗಳಿಗೊಮ್ಮೆ ನನ್ನ ಹತ್ತು ಮುಖ್ಯ ಚಿತ್ರಗಳನ್ನು ಚಿತ್ರ ಕೊಟ್ಟರೆ ಅದು ಎಲ್ಲೆಲ್ಲಿದೆ ಅಂತ ಹುಡುಕುವ ಟಿನ್‌ಐ ಮತ್ತು ಗೂಗಲ್ ಲೆನ್ಸಿನಲ್ಲಿ ಹುಡುಕುತ್ತೇನೆ. ಎಲ್ಲಾದರೂ ಸಿಕ್ಕಿದರೆ ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಮೆತ್ತಗೆ ಒಂದು ಮೇಲ್. ನಮ್ಮ 1957ರ ಕಾಯ್ದೆಯಲ್ಲಿ ಕಾಪಿರೈಟ್ ನೋಂದಣಿ ಕಡ್ಡಾಯವಲ್ಲ, ಫೋಟೊ ತೆಗೆದವನೇ ಕರ್ತೃ. ಕ್ಯಾಮೆರಾದ ರಾ ಫೈಲು (ಸಂಸ್ಕರಿಸದ ಕಚ್ಚಾ ಫೈಲು) ನನ್ನ ಹತ್ತಿರ ಮಾತ್ರ ಇರುತ್ತದೆ. ಅದರ ಮುಂದೆ ಇಲ್ಲಿಯವರೆಗೆ ಯಾರೂ ವಾದ ಮಾಡಿಲ್ಲ.

ಹೋಮ್‌ಸ್ಟೇಯವರು ಫ್ಲೆಕ್ಸ್ ಇಳಿಸಿದರು. "ಬನ್ನಿ ಸಾರ್, ಎರಡ್ ದಿನ ಇದ್ದೋಗಿ" ಅಂತ ಕರೆದರು ಕೂಡ. ಇನ್ನೂ ಹೋಗಿಲ್ಲ.

ಕಳೆದ ವಾರ ಸರ್ವರ್ ಲಾಗ್ ನೋಡುತ್ತಿದ್ದೆ. ರಾತ್ರಿ ಎರಡರ ಹೊತ್ತಿಗೆ ಯಾರೋ ಹೆಜ್ಜಾರ್ಲೆಯ ಚಿಕ್ಕ ಪ್ರತಿ ತೆರೆದಿದ್ದರು. ನಾಲ್ಕು ಸೆಕೆಂಡ್ ಬಿಟ್ಟು ಅದೇ ಫೈಲು, ಬಾಲ ಇಲ್ಲದೆ. ಅವರಿಗೆ ಸಿಕ್ಕಿದ್ದು 1200 ಪಿಕ್ಸೆಲ್ಲಿನ ಹಕ್ಕಿ, ರೆಕ್ಕೆಯ ಮಡಿಕೆಯಲ್ಲಿ ನನ್ನ ಹೆಸರು.