‘ಬಿದ್ದಿತ್ತು’ ಅಂತ ಬರೆದಿದ್ದೆ, ‘ಹಾಕಿದೆ’ ಅಂತ ತಿದ್ದಿದೆ

ಡಿಗ್ರಿ ಕೊನೇ ವರ್ಷದಲ್ಲಿ ಕಾಲೇಜಿನ ವಾರ್ಷಿಕ ಸಂಚಿಕೆಗೆ ‘ಬದುಕು ಕಲಿಸಿದ ಪಾಠ’ ಅಂತ ಒಂದು ಪ್ರಬಂಧ ಬರೆದುಕೊಟ್ಟೆ. ಎರಡೇ ಪುಟ. ಮೂರು ವಾರ ಹಿಡಿಯಿತು. ಹೇಗೆ ಬರೆದೆ ಅಂತ ತುಂಬಾ ಜನ ಕೇಳಿದ್ದಾರೆ, ಅದನ್ನೇ ಇಲ್ಲಿ ಹೇಳುತ್ತೇನೆ.

ಮೊದಲ ಸಲ ಶಾಲೆಯಲ್ಲಿ ಕಲಿತ ಹಾಗೇ ಬರೆದೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಪೀಠಿಕೆಯಲ್ಲಿ ಸೋಲೇ ಗೆಲುವಿನ ಮೆಟ್ಟಿಲು ಅನ್ನೋ ಮಾತು, ಆಮೇಲೆ ‘ಕೃಷಿಕರಾದ ನನ್ನ ಪೂಜ್ಯ ತಂದೆಯವರು’. ಓದಿದರೆ ಅದು ಯಾರ ಮನೆಯ ಕಥೆಯಾದರೂ ಆಗಬಹುದಿತ್ತು. ಪಕ್ಕಕ್ಕಿಟ್ಟೆ. ಚಿಕ್ಕಮ್ಮನ ಮಗಳನ್ನು ಕೂರಿಸಿಕೊಂಡು ನಡೆದದ್ದನ್ನು ಬಾಯಲ್ಲೇ ಹೇಳಿದೆ, ಫೋನಲ್ಲಿ ರೆಕಾರ್ಡ್ ಮಾಡಿಕೊಂಡೆ. ಅವಳು ಎಲ್ಲೆಲ್ಲಿ ‘ಆಮೇಲೆ?’ ಅಂದಳೋ ಅದನ್ನು ಇಟ್ಟುಕೊಂಡೆ, ಉಳಿದದ್ದು ಬಿಟ್ಟೆ. ಇದೊಂದು ಕೆಲಸ ಎಲ್ಲರೂ ಮಾಡಿ ನೋಡಿ, ನಿಜವಾಗಿ ಉಪಯೋಗ ಆಗುತ್ತದೆ.

ನಡೆದದ್ದು ಇಷ್ಟು. ನಮ್ಮದು ಶಿಡ್ಲಘಟ್ಟ ತಾಲ್ಲೂಕು, ರೇಷ್ಮೆ ಹುಳು ಮೇಯಿಸೋ ಮನೆ. ನಾನು ಪಿಯುಸಿಯಲ್ಲಿದ್ದಾಗ ಒಂದು ಮಳೆಗಾಲ ನೂರು ಮೊಟ್ಟೆ ಹುಳು ಇತ್ತು, ನಾಲ್ಕನೇ ಜ್ವರ ಎದ್ದಿತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಒಂದು ಚಿಟ್ಟೆ ಇಡೋ ಮೊಟ್ಟೆಗಳ ಇಡೀ ಗುಂಪಿಗೆ ನಮ್ಮಲ್ಲಿ ಒಂದು ಮೊಟ್ಟೆ ಅನ್ನುತ್ತಾರೆ; ಹುಳು ಪೊರೆ ಬಿಡೋಕೆ ಮೇವು ಬಿಟ್ಟು ಸುಮ್ನೆ ಮಲಗುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ಆದ ಮೇಲೆ ಏಳೆಂಟು ದಿನ, ಅದು ಜೀವಮಾನದಲ್ಲಿ ತಿನ್ನೋ ಸೊಪ್ಪಿನಲ್ಲಿ ಶೇ. 80ಕ್ಕಿಂತ ಜಾಸ್ತಿ ಆ ದಿನಗಳಲ್ಲೇ ತಿನ್ನುತ್ತದೆ. ಮಳೆಯಲ್ಲಿ ಕೊಯ್ದ ಸೊಪ್ಪಾದರೆ ನೀರು ಆರಿಸಿಯೇ ಹಾಕಬೇಕು. ಅಪ್ಪ ಮದುವೆಗೆ ಅಂತ ಚಿಂತಾಮಣಿಗೆ ಹೋಗಿದ್ದರು, ಅಮ್ಮನಿಗೆ ಹುಷಾರಿರಲಿಲ್ಲ, ಎರಡು ರಾತ್ರಿ ಹುಳದ ಮನೆ ನನ್ನ ಜವಾಬ್ದಾರಿ. ಆಮೇಲೆ ಹುಳು ಸೊರಗಿ ಸಾಯೋ ಸಪ್ಪೆ ರೋಗ ಬಂತು. 60 ಕೆಜಿಯಾದರೂ ಬರುತ್ತೆ ಅಂದುಕೊಂಡಿದ್ದ ಗೂಡು 18 ಕೆಜಿ ಬಂತು.

ಇದನ್ನೆಲ್ಲ ಬರೆದು ನಮ್ಮ ಕನ್ನಡ ಮೇಡಂಗೆ ತೋರಿಸಿದೆ. ಅವರು ಒಂದೇ ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೀರು ಎಳೆದಿದ್ದರು. ‘ಮಳೆ ಜಾಸ್ತಿ ಇದ್ದಿದ್ದರಿಂದ ಹುಳುವಿಗೆ ಒದ್ದೆ ಸೊಪ್ಪು ಬಿದ್ದಿತ್ತು.’ ಪಕ್ಕದಲ್ಲಿ ಬರೆದಿದ್ದರು: ‘ಯಾರು ಹಾಕಿದ್ದು?’

ನಾನೇ ಹಾಕಿದ್ದು. ಆರಿಸಲಿಲ್ಲ, ನಿದ್ದೆ ಬರುತ್ತಿತ್ತು.

ನಮ್ಮ ಭಾಷೆಯಲ್ಲಿ ಇದು ಬಹಳ ಸುಲಭ ಅಲ್ವಾ? ಆಯಿತು, ಹೋಯಿತು, ಬಿತ್ತು, ತಪ್ಪಿತು ಅಂದುಬಿಟ್ಟರೆ ಮಾಡಿದವರು ಯಾರು ಅಂತ ಹೇಳಬೇಕಾಗಿಯೇ ಇಲ್ಲ. ಆವತ್ತು ರಾತ್ರಿ ಕೂತು ಇಂಥ ಸಾಲುಗಳನ್ನೆಲ್ಲ ಹುಡುಕಿ ಗುರುತು ಹಾಕಿದೆ, ಒಂದೊಂದನ್ನೂ ‘ನಾನು’ ಸೇರಿಸಿ ತಿರುಗಿ ಬರೆದೆ. ‘ಒದ್ದೆ ಸೊಪ್ಪು ಬಿದ್ದಿತ್ತು’ ಹೋಗಿ ‘ಒದ್ದೆ ಸೊಪ್ಪು ಹಾಕಿದೆ’ ಆಯಿತು. ‘ಅಪ್ಪನಿಗೆ ಹೇಳೋಕೆ ಆಗಲಿಲ್ಲ’ ಅಂತ ಇತ್ತು, ‘ಅಪ್ಪನಿಗೆ ಹೇಳಲಿಲ್ಲ’ ಅಂತ ಮಾಡಿದೆ. ಮೂರಕ್ಷರ ಕಡಿಮೆಯಾದರೆ ಅಷ್ಟು ವ್ಯತ್ಯಾಸ ಆಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಮೂರನೇದಕ್ಕೆ ಬಂದಾಗ ಕೈ ನಿಂತಿತು. ‘ಚಾಕಿ ಹುಳು ಕೊಟ್ಟವರ ಮೇಲೆ ಅನುಮಾನ ಬಂತು’ ಅಂತ ಬರೆದಿದ್ದೆ. ಚಾಕಿ ಅಂದರೆ ಮೊಟ್ಟೆ ಒಡೆದ ಮೇಲೆ ಮೊದಲ ಕೆಲವು ದಿನ ಬೇರೆಯವರು ಸಾಕಿ ಕೊಡೋ ಮರಿಹುಳು. ನಡೆದದ್ದು ಹಾಗಲ್ಲ. ಚಾಕಿಯಲ್ಲೇ ಏನೋ ಇತ್ತು ಕಣೋ ಅಂತ ಅಪ್ಪ ಅಂದರು, ನಾನು ಹೌದಪ್ಪ ಅಂದೆ. ಅಪ್ಪ ಹೋಗಿ ಅವರ ಮೇಲೆ ಕೂಗಾಡಿ ಬಂದರು, ಅವರ ಹತ್ತಿರ ಮರಿ ತರೋದನ್ನೇ ನಿಲ್ಲಿಸಿದರು.

ಆ ಸಾಲು ಬರೆಯುವ ತನಕ ನನ್ನ ಪಾಠ ಸೋಮಾರಿತನದ ಬಗ್ಗೆ ಅಂದುಕೊಂಡಿದ್ದೆ. ನನ್ನ ಪ್ರಬಂಧ ಇದ್ದದ್ದು ಆ ‘ಹೌದಪ್ಪ’ದಲ್ಲಿ. ಮೊದಲ ಪುಟ ಪೂರ್ತಿ ತೆಗೆದೆ. ಉಪಸಂಹಾರ ತೆಗೆದೆ. ‘ಹೌದಪ್ಪ ಅಂದೆ’ ಅನ್ನೋ ಕಡೆಯಿಂದಲೇ ಶುರು ಮಾಡಿ, ಎರಡು ರಾತ್ರಿಯ ಹಿಂದಕ್ಕೆ ಹೋಗಿ ಮತ್ತೆ ಬರೆದೆ. ಅದಕ್ಕೆ ಒಂದು ಸಂಜೆ ಸಾಕಾಯಿತು.

ಮನೆಯವರ ಬಗ್ಗೆ ಬರೆದದ್ದನ್ನು ಅಚ್ಚಿಗೆ ಕೊಡುವ ಮುಂಚೆ ಅವರಿಗೆ ಓದಿ ಹೇಳಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಅಪ್ಪನಿಗೆ ಜಗಲಿ ಮೇಲೆ ಕೂತು ಓದಿದೆ. ನಡುವೆ ಒಂದು ಮಾತೂ ಆಡಲಿಲ್ಲ. ಮುಗಿದ ಮೇಲೆ ಕೇಳಿದರು: “ಎರಡು ರಾತ್ರೀನೂ ಹಾಕಿದ್ಯಾ?”

“ಹೂಂ.”

ಸ್ವಲ್ಪ ಹೊತ್ತು ಸುಮ್ಮನಿದ್ದು ಎದ್ದರು. “ಬೆಳಿಗ್ಗೆ ಚಾಕಿಯವರ ಮನೆಗೆ ಹೋಗ್ಬೇಕು, ನೀನೂ ಬಾ. ಆ ಕಾಗದಾನೂ ತಗೋ.”