ಎರಡು ಹಾಡುಗಳ ನಡುವಿನ ಜಾಗ

ಅಮೆರಿಕದ ಒಂದು ಸಣ್ಣ ಊರಿನ ಸಮುದಾಯ ರೇಡಿಯೋದಲ್ಲಿ ಭಾನುವಾರ ಬೆಳಿಗ್ಗೆ 8ರಿಂದ 10ರವರೆಗೆ ನಾನು ಹಾಡು ಹಾಕುತ್ತೇನೆ. ಸಂಬಳವಿಲ್ಲ, ಅಲ್ಲಿ ಎಲ್ಲರೂ ಸ್ವಯಂಸೇವಕರು. ಮೈಸೂರಿನಲ್ಲಿ ಆಗ ಸಂಜೆ, ದೀಪ ಹಚ್ಚಿ ಅಮ್ಮ ಮೊಬೈಲಿನಲ್ಲಿ ಕೇಳುತ್ತಾಳೆ. ಪಾಶ್ಚಾತ್ಯ ಶಾಸ್ತ್ರೀಯ, ಜಾಝ್, ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಹಾಡು), ರಾಕ್ ನಾಲ್ಕೂ ಇರಬೇಕು ಅನ್ನುವುದು ನಾನೇ ಹಾಕಿಕೊಂಡ ನಿಯಮ.

ಶುರುವಿನಲ್ಲಿ ಒಂದೊಂದಕ್ಕೆ ಅರ್ಧ ಗಂಟೆ ಅಂತ ಹಂಚಿದ್ದೆ. ಒಬ್ಬ ಕೇಳುಗರು ಫೋನ್ ಮಾಡಿ, ಕಂಟ್ರಿ ಶುರುವಾದ ತಕ್ಷಣ ರೇಡಿಯೋ ಆಫ್ ಮಾಡುತ್ತೇನೆ ಅಂದರು. ಯಾವಾಗ ಎದ್ದು ಹೋಗಬೇಕು ಅಂತ ನಾನೇ ಅವರಿಗೆ ಹೇಳಿಕೊಟ್ಟಂತಾಗಿತ್ತು. ಅವತ್ತಿನಿಂದ ವಿಭಾಗ ಮಾಡುವುದನ್ನು ಬಿಟ್ಟೆ. ಈಗ ಎರಡು ಹಾಡುಗಳ ನಡುವೆ ಕಿವಿಗೆ ಸಿಗುವ ನಂಟು ಇದ್ದರೆ ಮಾತ್ರ ಅಕ್ಕಪಕ್ಕ ಇಡುತ್ತೇನೆ. ಒಂದೇ ವಾದ್ಯ, ಒಂದೇ ನಡೆ, ಇಲ್ಲವೇ ಹತ್ತಿರದ ಶ್ರುತಿ.

ನನಗೆ ತುಂಬಾ ಇಷ್ಟವಾದ ಜೋಡಣೆ ಹೇಳುತ್ತೇನೆ. ಮೊದಲು ಬಾಖ್‌ನ ಇ ಮೈನರ್ ಲ್ಯೂಟ್ ಸ್ವೀಟ್‌ನ, ಅಂದರೆ ಹಳೆಯ ತಂತಿವಾದ್ಯವೊಂದರ ನೃತ್ಯಮಾಲಿಕೆಯ, ಬೂರೇ ಎಂಬ ತುಣುಕು, ಗಿಟಾರಿನಲ್ಲಿ. ಅದು ಮುಗಿದ ಕೂಡಲೇ ಜೆಥ್ರೊ ಟಲ್ ಎಂಬ ರಾಕ್ ತಂಡ 1969ರಲ್ಲಿ ಅದೇ ಬೂರೇಯನ್ನು ಕೊಳಲಿನಲ್ಲಿ ನುಡಿಸಿದ್ದು. ರಾಗ ಅದೇ, ಆದರೆ ಕೆಳಗಿನ ತಾಳಕ್ಕೆ ತೂಗಾಟ ಬಂದಿರುತ್ತದೆ. ಕೊಳಲು ಕಿವಿಯಲ್ಲಿ ಇರುವಾಗಲೇ ರೋಲಂಡ್ ಕರ್ಕ್‌ನ ಜಾಝ್ ಕೊಳಲು. ಜೆಥ್ರೊ ಟಲ್‌ನವರು ತಮ್ಮ ಮೊದಲ ಆಲ್ಬಮ್ಮಿನಲ್ಲೇ ಕರ್ಕ್‌ನ ಒಂದು ರಚನೆ ನುಡಿಸಿದ್ದರು, ಹಾಗಾಗಿ ಇದು ಸುಮ್ನೆ ಹೊಲಿದ ನಂಟಲ್ಲ. ಮೂರು ಪ್ರಕಾರ ದಾಟಿದ್ದು ಯಾರಿಗೂ ಗೊತ್ತೇ ಆಗುವುದಿಲ್ಲ.

ಜಾಝ್‌ನಿಂದ ಕಂಟ್ರಿಗೆ ಹೋಗಲು 1930ರ ಒಂದು ಧ್ವನಿಮುದ್ರಣವಿದೆ. ಹಾಡಿದವರು ಜಿಮ್ಮಿ ರಾಜರ್ಸ್, ಕಂಟ್ರಿ ಸಂಗೀತದ ಮೊದಲ ದೊಡ್ಡ ತಾರೆ. ಟ್ರಂಪೆಟ್ ಲೂಯಿ ಆರ್ಮ್‌ಸ್ಟ್ರಾಂಗ್, ಪಿಯಾನೋ ಅವರ ಪತ್ನಿ ಲಿಲ್ ಹಾರ್ಡಿನ್. ನಡುನಡುವೆ ಯೋಡಲಿಂಗ್, ನಮ್ಮವರು ಕಿಶೋರ್ ಕುಮಾರ್ ಹಾಡಿನಲ್ಲಿ ಕೇಳಿದ್ದಾರಲ್ಲ, ಅದೇ. ಕರಿಯರ ಸಂಗೀತ ಬೇರೆ, ಬಿಳಿಯರ ಸಂಗೀತ ಬೇರೆ ಅಂತ ಕಂಪನಿಗಳು ಪಟ್ಟಿ ಮಾಡಿ ಮಾರುತ್ತಿದ್ದ ಕಾಲ ಅದು. ಆದರೂ ಬಿಳಿಯ ರಾಜರ್ಸ್, ಕರಿಯರಾದ ಆರ್ಮ್‌ಸ್ಟ್ರಾಂಗ್ ದಂಪತಿ ಸ್ಟುಡಿಯೋದಲ್ಲಿ ಒಟ್ಟಿಗೆ ನುಡಿಸಿದರು. ಇದನ್ನು ಪ್ರತಿ ಸಲ ಹಾಕುವಾಗಲೂ ನನಗೆ ಗಂಟಲು ಕಟ್ಟುತ್ತದೆ.

ಹೆಸರು ನೋಡಿ ಜೋಡಿಸುವುದು ನನಗೆ ಒಪ್ಪಿಗೆಯಿಲ್ಲ. ಮೊಜಾರ್ಟ್‌ನ ಟರ್ಕಿಶ್ ರಾಂಡೋ ಪಕ್ಕ ಜಾಝ್ ಪಿಯಾನೋ ವಾದಕ ಡೇವ್ ಬ್ರೂಬೆಕ್‌ನ 1959ರ ‘ಬ್ಲೂ ರಾಂಡೋ ಆ ಲಾ ಟರ್ಕ್’ ಇಡಬಹುದು, ಹೆಸರು ಚೆನ್ನಾಗಿ ಕೂರುತ್ತದೆ. ಕಿವಿಗೆ ಕೂರುವುದಿಲ್ಲ. ಬ್ರೂಬೆಕ್ ಇಸ್ತಾಂಬುಲ್‌ನ ಬೀದಿ ವಾದಕರಿಂದ ಕೇಳಿ ತಂದದ್ದು ಒಂಬತ್ತು ಎಣಿಕೆಯ ಲಯ, ಎರಡು ಎರಡು ಎರಡು ಮೂರು. ಅಮ್ಮ ಅದನ್ನು ಮೊದಲ ಸಲ ಕೇಳಿದಾಗ ಫೋನಿನಲ್ಲೇ ತಕ ತಕ ತಕ ತಕಿಟ ಅಂತ ಹಾಕಿ ತೋರಿಸಿದಳು. ಅದರ ಪಕ್ಕ ಎಣಿಕೆ ಬದಲಾಗುವ ರಾಕ್ ಹಾಡೇ ಸರಿ.

ಜಾಸ್ತಿ ಕಷ್ಟ ಕೊಡುವುದು ಶಾಸ್ತ್ರೀಯ ಸಂಗೀತದ ಸದ್ದು. ರಾಕ್ ಹಾಡಿನ ಸದ್ದು ಕೊನೆವರೆಗೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಆರ್ಕೆಸ್ಟ್ರಾ ಪಿಸುಮಾತಿಗೆ ಇಳಿದರೆ ಕಾರಿನ ಚಕ್ರದ ಸದ್ದಿನಲ್ಲೇ ಮುಳುಗಿಹೋಗುತ್ತದೆ. ಒಮ್ಮೆ ಎಸ್ಟೋನಿಯಾದ ಸಂಗೀತ ರಚನೆಕಾರ ಆರ್ವೋ ಪ್ಯಾರ್ಟ್‌ನ ತಬುಲಾ ರಾಸಾ ಹಾಕಿದೆ. ಅದರ ಕೊನೆ ಮೆಲ್ಲಗೆ ಕರಗಿ ನಿಶ್ಶಬ್ದವಾಗುತ್ತದೆ. ಪ್ರಸಾರ ನಿಂತಿತೆಂದು ನಮ್ಮ ಯಂತ್ರ ತಿಳಿದು ತಾನಾಗಿಯೇ ಬೇರೆ ಹಾಡು ಶುರುಮಾಡಿತು. ಆ ಮೌನಕ್ಕಾಗಿ ಕಾದಿದ್ದವರಿಗೆ ಎಷ್ಟು ಬೇಜಾರಾಗಿರಬೇಕು! ಈಗ ಪ್ರತಿ ಶಾಸ್ತ್ರೀಯ ತುಣುಕನ್ನೂ ಶನಿವಾರ ಕಾರಿನಲ್ಲಿ ಕೇಳಿ ನೋಡುತ್ತೇನೆ. ಪ್ರಸಾರದ ವೇಳೆ ಸದ್ದು ಇಳಿಯುವ ಕಡೆ ಫೇಡರನ್ನು (ಸದ್ದು ಏರಿಳಿಸುವ ಜಾರುಗುಂಡಿ) ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಏರಿಸುತ್ತೇನೆ.

ಇನ್ನು ಗಡಿಯಾರದ ಲೆಕ್ಕ. ಗಂಟೆ ತುಂಬುವ ಹೊತ್ತಿಗೆ ಕೇಂದ್ರಕ್ಕೆ ಸರಕಾರ ಕೊಟ್ಟ ಗುರುತಿನ ಅಕ್ಷರಗಳು, ಊರು ಹೇಳಲೇಬೇಕು, ಇಲ್ಲಿ ಅದು ಕಾನೂನು. ಅದಕ್ಕೆ 9 ಗಂಟೆಯಿಂದ ಹಿಂದಕ್ಕೆ ಎಣಿಸುತ್ತಾ ಹಾಡು ಇಡುತ್ತೇನೆ.

ಈ ವಾರ ಪೆಡಲ್ ಸ್ಟೀಲ್ ಗಿಟಾರ್ (ತಂತಿಯ ಮೇಲೆ ಲೋಹದ ಕಡ್ಡಿ ಜಾರಿಸಿ ನುಡಿಸುವ ಗಿಟಾರ್) ಇರುವ ಒಂದು ಕಂಟ್ರಿ ಹಾಡು ಹಿಡಿದು ಕೂತಿದ್ದೇನೆ. ಅದರ ಜಾರುವ ಸ್ವರ ನಮ್ಮ ಗಮಕಕ್ಕೆ ಹತ್ತಿರ, ಅಲ್ವಾ? ಅದರ ಬೆನ್ನಿಗೆ ಚೆಲ್ಲೋ ಇಡಬೇಕು. ನಾಲ್ಕು ಕೇಳಿದ್ದಾಯಿತು, ಮೂರು ಶ್ರುತಿಗೆ ಸೇರಲಿಲ್ಲ. ನಾಲ್ಕನೆಯದನ್ನು ಶನಿವಾರ ಕಾರಿನಲ್ಲಿ ಕೇಳಬೇಕು.